ಅಪ್ಪ ಹೊತ್ತ ತಪ್ಪು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಬಾವಿಗೆ ಬಿಡುವ ಹಗ್ಗವೇ ಇರಲಿಲ್ಲ. ಇದ್ದರೂ ಏನು ಉಪಯೋಗ? ಹೊಳಗುಂದದ ಕಡೆಯ ನಮ್ಮ ಹಳ್ಳಿಯಲ್ಲಿ, ಊರಾಚೆಯ ಕೇರಿಯವರಾದ ನಾವು ಬಾವಿ ಮುಟ್ಟುವಂತಿರಲಿಲ್ಲ. ದೂರದಲ್ಲಿ ಕೊಡ ಇಟ್ಟು ಕಾಯಬೇಕು. ಊರವರು ತಮ್ಮ ಹಗ್ಗದಿಂದ ಸೇದಿ, ಮನಸ್ಸು ಬಂದರೆ ಮೇಲಿಂದ ಸುರಿಯುತ್ತಿದ್ದರು. ಅಪ್ಪ ವಾರವೆಲ್ಲ ಜೋಳದ ಹೊಲದಲ್ಲಿ ಕೂಲಿ ಮಾಡಿ, ಭಾನುವಾರ ನಮ್ಮ ಗುಡಿಸಲು ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ. ಯೇಸುವಿನ ಹಾಗೆ ಬದುಕಿದವರಲ್ಲಿ ದೇವರ ಮಹಿಮೆ ಕಾಣುತ್ತದೆ ಎನ್ನುತ್ತಿದ್ದ. ನಾನು ಅವನ ಮುಖವನ್ನೇ ದಿಟ್ಟಿಸುತ್ತಿದ್ದೆ. ಬರೀ ಬೆವರು ಕಾಣುತ್ತಿತ್ತು.

ಆ ಬೇಸಿಗೆ ಊರಿಗೆ ವಾಂತಿಭೇದಿ ಬಂತು. ಊರವರು ಗಾಡಿ ಕಟ್ಟಿಕೊಂಡು ಕೌತಾಳಂ, ಆದೋನಿ ಕಡೆ ನೆಂಟರ ಮನೆಗೆ ಹೋಗಿಬಿಟ್ಟರು. ಮರುದಿನ ಬೆಳಿಗ್ಗೆ ನನ್ನ ಅಕ್ಕನೂ ಅದೇ ರೋಗ ಹತ್ತಿ ಮಲಗಿದಳು. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ. ಅವಳ ಕಣ್ಣು ಗುಳಿಬಿದ್ದಿತ್ತು, ನಾಲಿಗೆ ಒಣಗಿತ್ತು. ಮನೆಯಲ್ಲಿ ಒಂದು ಹನಿ ನೀರಿರಲಿಲ್ಲ.

ಅಪ್ಪನೂ ನಾನೂ ಕೊಡ ಹಿಡಿದು ಬಾವಿಗೆ ಓಡಿದೆವು. ಸುರಿಯುವವರು ಯಾರೂ ಇಲ್ಲ. ಕೆಳಗೆ ನೀರು ಕಾಣುತ್ತಿದೆ, ಸೇದಲು ಹಗ್ಗವಿಲ್ಲ. ಅಪ್ಪ ಪಕ್ಕದ ದೊಡ್ಡ ಮನೆಗೆ ನುಗ್ಗಿದ. ಪಡಸಾಲೆಯ ಗೂಟದಲ್ಲಿ ಹಗ್ಗ ಸಿಕ್ಕಿತು. ಅಲ್ಲೇ, ಮನೆಯವರು ಬಿಟ್ಟುಹೋದ ಮುದುಕಿ ತನ್ನ ಹೇಸಿಗೆಯಲ್ಲೇ ಬಿದ್ದಿದ್ದಳು. ಎಷ್ಟೋ ಸಲ ನಮ್ಮನ್ನು ಬಿಸಿಲಲ್ಲಿ ಕಾಯಿಸಿ, ಬೈದು, ಖಾಲಿ ಕೊಡದೊಂದಿಗೆ ಕಳಿಸಿದವಳು.

ಅಪ್ಪ ನೀರು ಸೇದಿದವನೇ ಕೊಡವನ್ನು ನೇರ ಅವಳ ಬಳಿಗೆ ಒಯ್ದ.

"ಅಕ್ಕ ಸಾಯ್ತಾಳಪ್ಪೋ, ಬಾ!" ಎಂದು ನಾನು ಅವನ ಧೋತರ ಜಗ್ಗಿದೆ.

"ಈಕಿನೂ ಸಾಯಾಕತ್ತಾಳಲೋ. ಯೇಸಪ್ಪ ಆದ್ರ ದಾಟಿ ಹೋಗ್ತಿದ್ನೇನು?" ಎಂದ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಒಂದೀಟು ಕುಡೀರಿ ಅವ್ವಾರ" ಎನ್ನುತ್ತ ಬೊಗಸೆಯಿಂದ ನೀರು ಬಿಟ್ಟ.

ನನಗೆ ಮೈಯೆಲ್ಲ ಉರಿಯಿತು. ಕೊಡವನ್ನು ಎದೆಗೆ ಅವಚಿಕೊಂಡು ಓಡಿದೆ. ಕೇರಿಯ ದಾರಿಯಲ್ಲಿ ಎಡವಿದೆ. ಮಣ್ಣಿನ ಕೊಡ, ಚೂರುಚೂರಾಯಿತು. ಒದ್ದೆ ಮಣ್ಣನ್ನು ಕೈಯಲ್ಲಿ ಹಿಂಡಿದೆ ಮಕ್ಕಳೇ, ಹುಚ್ಚನ ಹಾಗೆ ಹಿಂಡಿದೆ. ಹಿಂದಕ್ಕೆ ಹೋಗಿ ಹೇಳಲು ಹೆದರಿ ಅಲ್ಲೇ ಕೂತೆ.

ನಾನು ನೀರು ಮುಟ್ಟಿಸಿದ್ದೇನೆಂದು ನಂಬಿದ ಅಪ್ಪ ಮುದುಕಿಯ ಮೈ ಒರೆಸಿ, ಒಣ ಜಾಗದಲ್ಲಿ ಮಲಗಿಸಿದ. "ನನ್ನ ಕೊಡನ ತುಂಬ್ಕೊಂಡು ಹೋಗಪ್ಪಾ" ಎಂದಳಂತೆ ಆಕೆ. ಅವಳ ತಾಮ್ರದ ಕೊಡ ಹೊತ್ತು ಬಂದವನು ದಾರಿಯಲ್ಲಿ ಚೂರುಗಳನ್ನು ನೋಡಿದ, ನನ್ನನ್ನು ನೋಡಿದ. ನನ್ನ ಕೈ ಹಿಡಿದು ಎಬ್ಬಿಸಿ ಓಡಿದ.

ಅಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು. ಅವ್ವ ಎದೆ ಬಡಿದುಕೊಂಡು, "ಇಷ್ಟೊತ್ತು ಎಲ್ಲಿ ಸತ್ತಿದ್ರಿ?" ಎಂದು ಚೀರಿದಳು.

"ತಪ್ಪು ನಂದ. ನಾನ ತಡಾ ಮಾಡಿದೆ," ಎಂದ ಅಪ್ಪ. ಅವನ ಕೈ ನನ್ನ ತಲೆಯ ಮೇಲಿತ್ತು. ಭಾನುವಾರ ಅವನು ಹೇಳುತ್ತಿದ್ದ ಮಹಿಮೆ ಅದೇ ಎಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು.

ಈಗ ಆದೋನಿಯ ಈ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು. ನಿಮ್ಮ ಶಾಲೆಯಲ್ಲಿ ಎಲ್ಲರೂ ಒಂದೇ ನಲ್ಲಿಯಲ್ಲಿ ಕುಡಿಯುತ್ತೀರಿ. ಅದನ್ನು ಕೇಳಿದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಆದರೆ ನಿನ್ನೆ ಗಾಜಿನ ಲೋಟ ಒಡೆದಾಗ ಇಬ್ಬರೂ "ನಾನಲ್ಲ ತಾತ, ಅವನು" ಎಂದು ಕೂಗಿದಿರಿ. ನಿಮ್ಮನ್ನು ಬೈಯುವ ಮುಖ ನನಗಿಲ್ಲ. ಅವ್ವ ಸಾಯುವವರೆಗೂ ಅಪ್ಪನನ್ನು ಕ್ಷಮಿಸಲಿಲ್ಲ, ಮತ್ತು ಕೊಡ ಒಡೆದವನು ನಾನೆಂದು ನಾನು ಒಂದು ದಿನವೂ ಬಾಯಿ ಬಿಡಲಿಲ್ಲ.