ಎರಡು ದಿನ ಮುಂಚೆ ಹೇಳಿದ ಶುಭಾಶಯ

ಡಾಟ್‌ಕಾಮ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಆ ಚಳಿಗಾಲವನ್ನು ನಾನು ನ್ಯೂಯಾರ್ಕ್ ಹತ್ತಿರದ ಎಡಿಸನ್ನಿನ ಅಪಾರ್ಟ್‌ಮೆಂಟಿನಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತ ಕಳೆದೆ. ಮಾಡುತ್ತಿದ್ದ ಪ್ರಾಜೆಕ್ಟ್ ಮುಗಿದಿತ್ತು. ನನ್ನ ವೀಸಾ ಮಾಡಿಸಿದ್ದ ಕನ್ಸಲ್ಟೆನ್ಸಿಯವನು ಫೋನ್ ಮಾಡಿದಾಗಲೆಲ್ಲ ‘ನೆಕ್ಸ್ಟ್ ವೀಕ್ ಶೂರ್’ ಎನ್ನುತ್ತಿದ್ದ. ದೆವ್ವ ಬಾರದಿರಲೆಂದು ನಮ್ಮ ಕಡೆ ಬಾಗಿಲ ಮೇಲೆ ಬರೆಯುತ್ತಿದ್ದರಲ್ಲ ‘ನಾಳೆ ಬಾ’ ಎಂದು, ಹಾಗಿತ್ತು ಅವನ ಮಾತು. ದೆವ್ವ ನಾನು. ಅವನು ಕೈಬಿಟ್ಟರೆ ದೇಶ ಬಿಡಬೇಕು.

ಜೊತೆಗಿದ್ದ ಹುಬ್ಬಳ್ಳಿಯ ಹುಡುಗಿಗೆ ಇನ್ನೂ ಕೆಲಸವಿತ್ತು. ಬೆಳಿಗ್ಗೆ ನ್ಯೂಯಾರ್ಕಿನ ಟ್ರೈನಿಗೆ ಹೊರಡುವ ಅವಸರದಲ್ಲೂ ನನ್ನನ್ನು ಬೈಯುತ್ತಿದ್ದಳು.

‘ಒಂದ್ ಕಡೆ ಕುಂದ್ರವಾ. ನೀ ತಿರುಗೂದು ನೋಡಿ ನನ್ನ ತಲಿ ತಿರುಗಾಕತ್ತೈತಿ.’

ಕೂರಲಿಕ್ಕೆ ಆಗುತ್ತಿರಲಿಲ್ಲ. ಟೀ ಮಾಡಿ ಕುಡಿಯದೆ ಚೆಲ್ಲುತ್ತಿದ್ದೆ. ಯಾರದೋ ಫೋನ್ ರಿಂಗಾದರೆ ನನ್ನ ಫೋನ್ ಎತ್ತಿ ನೋಡುತ್ತಿದ್ದೆ.

ಅದೇ ಹೊತ್ತಿಗೆ ಜರ್ಮನಿ ಕಂಪ್ಯೂಟರ್ ಗೊತ್ತಿದ್ದವರನ್ನು ಕರೆಯುತ್ತಿತ್ತು. ಅಲ್ಲಿನ ಕಂಪನಿಗಳಿಗೆ ನಾವು ಬೇಕು, ಅಲ್ಲಿನ ಕೆಲವು ಜನಕ್ಕೆ ಬೇಡ. ಹೊರಗಿನವರನ್ನು ಯಾಕೆ ತರುತ್ತೀರಿ, ನಮ್ಮ ಹುಡುಗರಿಗೇ ಕಲಿಸಿ ಎಂದು ಗಲಾಟೆಯೂ ನಡೆದಿತ್ತಂತೆ. ಕೊನೆಗೆ ಐದು ವರ್ಷಕ್ಕೆ ಮಾತ್ರ ಎಂದು ಒಪ್ಪಿಕೊಂಡರು. ಸ್ಟುಟ್‌ಗಾರ್ಟ್ ಹತ್ತಿರದ ಒಂದು ಯಂತ್ರ ತಯಾರಿಸುವ ಕಂಪನಿಗೆ ಅರ್ಜಿ ಹಾಕಿದೆ. ಜರ್ಮನ್ನಿನ ನಾಲ್ಕು ಮಾತಾದರೂ ಬರಲಿ ಎಂದು ಪಕ್ಕದ ಐಸೆಲಿನ್‌ನಲ್ಲಿ ಒಬ್ಬ ಟೀಚರನ್ನು ಹಿಡಿದೆ.

ಎಪ್ಪತ್ತರ ಹತ್ತಿರದ ಜರ್ಮನ್ ಹೆಂಗಸು. ಗಂಡ ತೀರಿಕೊಂಡಿದ್ದರು. ಓಕ್ ಟ್ರೀ ರೋಡಿನ ಸೀರೆ ಅಂಗಡಿಗಳ ಹಿಂದಿನ ಬೀದಿಯಲ್ಲಿ ಪುಟ್ಟ ಮನೆ. ಶನಿವಾರ ಭಾನುವಾರ ಶಾಪಿಂಗಿಗೆ ಬಂದ ನಮ್ಮವರು ಅವರ ಡ್ರೈವ್‌ವೇಗೆ ಅಡ್ಡ ಕಾರು ನಿಲ್ಲಿಸಿ ಹೋಗುತ್ತಾರೆಂದು ಕಿಟಕಿಯಲ್ಲೇ ಕಾವಲು ನಿಲ್ಲುತ್ತಿದ್ದರು. ಬೈದುಕೊಂಡೇ ಗುಜರಾತಿ ಅಂಗಡಿಯಿಂದ ಶುಂಠಿ ತರುತ್ತಿದ್ದರು. ಮನೆಯಲ್ಲಿರಲಾಗದೆ ನಾನು ಹೊತ್ತಿಗೆ ಮುಂಚೆಯೇ ಪಾಠಕ್ಕೆ ಹೋದರೆ ಕದ ತೆರೆಯುತ್ತಿರಲಿಲ್ಲ. ಚಳಿಯಲ್ಲಿ ಮೆಟ್ಟಿಲ ಮೇಲೆ ನಿಂತಿರಬೇಕು. ತಡವಾಗಿ ಬಂದದ್ದಕ್ಕೆ ಬೈಗುಳ ಕೇಳಿ ಗೊತ್ತು, ಬೇಗ ಬಂದದ್ದಕ್ಕೆ ಶಿಕ್ಷೆ ಅನುಭವಿಸಿದ್ದು ಅಲ್ಲೇ.

ಐದು ವರ್ಷದ ಷರತ್ತಿನ ವಿಷಯ ಹೇಳಿದ ದಿನ ಅವರು ಪುಸ್ತಕ ಮುಚ್ಚಿದರು. ಅವರ ಇಂಗ್ಲಿಷನ್ನು ನನಗೆ ಕೇಳಿಸಿದ ಕನ್ನಡದಲ್ಲಿ ಬರೆಯುತ್ತೇನೆ.

‘ನನ್ನ ಚಿಕ್ಕಪ್ಪನ ಮಗ ಅಲ್ಲಿ ಕಾರ್ಖಾನೇಲಿ ಫೋರ್‌ಮನ್ ಆಗಿದ್ದ. ಟರ್ಕಿಯಿಂದ ಹುಡುಗರನ್ನ ಕರೆಸಿದ್ರು, ಅತಿಥಿ ಕೆಲಸಗಾರರು ಅಂತ ಹೆಸರಿಟ್ರು. ಅತಿಥಿ ಅಂದ್ಮೇಲೆ ಎದ್ದು ಹೋಗ್ತಾರೆ ಅಂತ ಊರಿನವರು ಕಾದ್ರು. ಬರೋ ವರ್ಷ ಹೋಗೋಣ ಅಂತ ಅವರೂ ಕಾದ್ರು, ಒಂದು ಒಳ್ಳೆ ಸೋಫಾ ಕೂಡ ತಗೊಳ್ಳಲಿಲ್ಲ. ಅಷ್ಟರಲ್ಲಿ ಮೊಮ್ಮಕ್ಕಳು ಹುಟ್ಟಿದ್ರು.’

ಆ ಮಾತು ನನಗೆ ಹಿಡಿಸಲಿಲ್ಲ. ಧೈರ್ಯ ಹೇಳುತ್ತಾರೆಂದು ಬಂದರೆ ಇವರೊಬ್ಬರು ಎಂದು ಬೈದುಕೊಂಡು ಬಂದೆ. ಆದರೆ ಆಮೇಲೆ ಓಡಾಟ ಇನ್ನೂ ಹೆಚ್ಚಾಯಿತು. ಹೋದರೆ ಐದು ವರ್ಷ ಕಳೆದು ಮತ್ತೆ ಇದೇ ಕಿಟಕಿ, ಇದೇ ಬಾಗಿಲು. ಇದ್ದರೆ ನೆಕ್ಸ್ಟ್ ವೀಕು. ಅತ್ತ ದರಿ, ಇತ್ತ ಪುಲಿ.

ಒಂದು ಶುಕ್ರವಾರ ಬೆಳಿಗ್ಗೆ ಜರ್ಮನಿಯಿಂದ ಫೋನ್ ಬಂತು. ಕೆಲಸ ಕೊಟ್ಟಿದ್ದೇವೆ, ಸೋಮವಾರದೊಳಗೆ ಉತ್ತರ ಹೇಳಿ ಎಂದರು. ನನಗೆ ಕುಣಿಯಬೇಕೋ ಅಳಬೇಕೋ ತಿಳಿಯಲಿಲ್ಲ. ಕೈ ಸುಮ್ಮನಿರದೆ ತುಪ್ಪ ಸುರಿದು ಕೇಸರಿಬಾತ್ ಮಾಡಿದೆ. ಭಾನುವಾರ ಟೀಚರ್ ಹುಟ್ಟುಹಬ್ಬ ಎಂದು ಗೊತ್ತಿತ್ತು. ಅವತ್ತು ನಾನು ಫ್ಲೋರಲ್ ಪಾರ್ಕಿನಲ್ಲಿದ್ದ ಚಿಕ್ಕಮ್ಮನ ಮಗಳ ಮನೆಗೆ ಹೋಗುವವಳಿದ್ದೆ. ಸರಿ, ಡಬ್ಬಿ ಹಿಡಿದು ಆ ಶುಕ್ರವಾರವೇ ಐಸೆಲಿನ್‌ಗೆ ಹೋದೆ. ಕದ ತೆರೆಯುತ್ತಿದ್ದಂತೆ, ನಮ್ಮ ಆಫೀಸುಗಳಲ್ಲಿ ಎಲ್ಲರೂ ಹೇಳುವ ಹಾಗೆ, ‘ಅಡ್ವಾನ್ಸ್ ಹ್ಯಾಪಿ ಬರ್ತ್‌ಡೇ!’ ಎಂದು ಕೂಗಿದೆ.

ಅವರ ಮುಖ ಬಿಳಿಚಿಕೊಂಡಿತು. ಡಬ್ಬಿ ಮುಟ್ಟಲಿಲ್ಲ.

‘ದಿನ ಬರೋ ಮುಂಚೆ ಹಾಗೆ ಹೇಳಬಾರದು, ಕೆಟ್ಟದಾಗುತ್ತೆ. ತಗೊಂಡು ಹೋಗು, ಭಾನುವಾರ ಬಾ’ ಎಂದರು. ಕದ ಹಾಕಿಕೊಂಡರು.

ಅವಮಾನದಿಂದ ಕಿವಿ ಬಿಸಿಯಾಯಿತು. ಮನೆಗೆ ಬಂದು ಹುಬ್ಬಳ್ಳಿಯವಳ ಮುಂದೆ ಕೂಗಾಡಿದೆ. ಅವಳು ಕೇಸರಿಬಾತ್ ತಿನ್ನುತ್ತಲೇ ಹೇಳಿದಳು, ‘ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲಿಸಬಾರದು ಅಂತ ನಮ್ಮಲ್ಲೂ ಅಂತಾರಲ್ಲ. ಮುದುಕಿಗೆ ಅಂಜಿಕಿ ಆಗಿರಬೇಕು. ಭಾನುವಾರ ಹೋಗು ಸುಮ್ಮನ.’

ಆ ಎರಡು ದಿನ ನನಗೆ ಹೊಸದೊಂದು ಭಯ ಹಿಡಿಯಿತು. ಇಷ್ಟರಲ್ಲಿ ಟೀಚರಿಗೆ ಏನಾದರೂ ಆದರೆ? ಇಂಜಿನಿಯರಿಂಗ್ ಓದಿದವಳು ಇಂಥದಕ್ಕೆಲ್ಲ ಹೆದರುವುದೇ ಎಂದು ನನಗೆ ನಾನೇ ಗದರಿಕೊಂಡೆ. ಗದರಿಕೆ ಕೆಲಸ ಮಾಡಲಿಲ್ಲ. ಫ್ಲೋರಲ್ ಪಾರ್ಕಿಗೆ ಬರುವುದಿಲ್ಲ ಎಂದು ಫೋನ್ ಮಾಡಿ, ಭಾನುವಾರ ಐಸೆಲಿನ್‌ಗೆ ಹೋದೆ.

ಟೀಚರ್ ಚೆನ್ನಾಗಿಯೇ ಇದ್ದರು. ಹುಟ್ಟುಹಬ್ಬದ ಕೇಕನ್ನು ತಾವೇ ಮಾಡಿದ್ದರು. ‘ಈಗ ಹೇಳು’ ಎಂದರು. ಹೇಳಿದೆ. ಕಾಫಿ ಬಗ್ಗಿಸಿದರು. ಆಮೇಲೆ, ನಾನು ಕೇಳದೆಯೇ, ಅಣ್ಣನ ವಿಷಯ ಹೇಳಿದರು.

ಯುದ್ಧದ ಕೊನೆಯ ಚಳಿಗಾಲ. ಗಂಡಸರೆಲ್ಲ ಮುಗಿದು, ಸೈನ್ಯ ಶಾಲೆಯ ಹುಡುಗರನ್ನು ಕರೆಯುತ್ತಿತ್ತು. ಅಣ್ಣನಿಗೆ ಹದಿನೇಳು ತುಂಬುವ ಮುಂಚೆಯೇ ಹೊರಡಬೇಕೆಂದು ಕರೆ ಬಂತು. ಅವರ ತಾಯಿ, ಅವನು ಕೇಕ್ ತಿನ್ನದೆ ಹೋಗಬಾರದೆಂದು, ಅಕ್ಕಪಕ್ಕದವರಿಂದ ಸಕ್ಕರೆ ಬೇಡಿ ತಂದು ಹುಟ್ಟುಹಬ್ಬವನ್ನು ಮೊದಲೇ ಮಾಡಿದರು. ಹಾಗೆ ಮಾಡಬಾರದೆಂದು ಅಜ್ಜಿ ಎಷ್ಟು ಹೇಳಿದರೂ ಕೇಳಲಿಲ್ಲ. ಹುಡುಗ ಹಿಂದಿರುಗಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ.

‘ಕೇಕಿನಿಂದ ಯಾರೂ ಸಾಯಲ್ಲ, ನನಗೆ ಗೊತ್ತು. ಅವನನ್ನ ಕೊಂದವರು ಯಾರು ಅಂತಲೂ ಗೊತ್ತು. ಆದರೆ ನಮ್ಮಮ್ಮ ತಪ್ಪೆಲ್ಲ ಆ ಕೇಕಿನದೇ ಅಂತ ಹಿಡ್ಕೊಂಡಳು. ದಿನಾ ಅವನ ತಟ್ಟೆ ಇಡೋಳು. ವಿಳಾಸ ತಪ್ಪಿಹೋಗುತ್ತೆ ಅಂತ ಬಾಂಬು ಬಿದ್ದ ಮನೆ ಬಿಟ್ಟು ಬರಲಿಲ್ಲ. ಆ ಮನೇಲಿ ಯಾರೂ ಬದುಕ್ತಾ ಇರಲಿಲ್ಲ, ಎಲ್ಲರೂ ಕಾಯ್ತಿದ್ವಿ. ಅದಕ್ಕೇ ನಾನು ಇಲ್ಲಿಗೆ ಓಡಿಬಂದೆ.’

‘ಅಮ್ಮ ತಡೀಲಿಲ್ವಾ?’ ಎಂದೆ.

‘ಸ್ಟೇಷನ್ನಿಗೆ ಬಂದಿದ್ಲು. ನಿನಗಾಗಿ ನಾನು ಕಾಯಲ್ಲ ಅಂದಳು. ಎಷ್ಟು ವರ್ಷ ಅವಳ ಮೇಲೆ ಕೋಪ ಇಟ್ಕೊಂಡಿದ್ದೆ! ಈಗ ಅನ್ನಿಸುತ್ತೆ, ಅವಳು ನನಗೆ ಕೊಟ್ಟಿದ್ದು ಅದೊಂದೇ. ಅದು ಇಲ್ಲದಿದ್ರೆ ನಾನು ಇಲ್ಲಿ ಒಂದು ಗಿಡ ಕೂಡ ನೆಡ್ತಿರಲಿಲ್ಲ.’

ನನಗೆ ಅಳು ಬಂತು. ಅವರಿಗಾಗಿ ಅಲ್ಲ, ನಿಜ ಹೇಳಬೇಕೆಂದರೆ ನನಗಾಗಿ. ಹೊರಗೆ ಯಾರೋ ಡ್ರೈವ್‌ವೇಗೆ ಅಡ್ಡ ಕಾರು ನಿಲ್ಲಿಸಿದರು. ಟೀಚರ್ ಬೈಯಲು ಎದ್ದು ಹೋದರು.

ಸೋಮವಾರ ಕಂಪನಿಗೆ ಫೋನ್ ಮಾಡಿ ಬರುತ್ತೇನೆ ಎಂದೆ. ಐದು ವರ್ಷದ ಆಮೇಲಿನದನ್ನು ಈಗಲೇ ಯೋಚಿಸುವುದಿಲ್ಲ, ಹೋದ ದಿನದಿಂದಲೇ ಅಲ್ಲಿ ಬದುಕುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದೆ. ಆಮೇಲೆ ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ.

‘ಐದೇ ವರ್ಷ ತಾನೆ? ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಆಗ್ಹೋಗುತ್ತೆ ಬಿಡು. ನಾನು ಕಾಯ್ತಿರ್ತೀನಿ’ ಎಂದಳು.

ಕಾಯಬೇಡಮ್ಮ ಎಂಬ ಮಾತು ಗಂಟಲವರೆಗೂ ಬಂತು. ‘ಹ್ಞೂಂ’ ಎಂದೆ.