ಬಂದ್ ಮಾಡಬಾರದ ಇಂಜಿನ್

ಗೆಳೆಯರೇ, ನಮ್ಮ ಚಿಕ್ಕಪ್ಪನ ಹಳೇ ಡೀಸೆಲ್ ಕಾರಿನ ಹೊಗಳಿಕೆ ಕೇಳಿ ಸಾಕಾದವರು ಇದನ್ನು ಓದಿ. ಇವತ್ತು ಬೆಳಿಗ್ಗೆ ಅದೇ ಕಾರಿನಲ್ಲಿ ಚಿಕ್ಕಪ್ಪ, ನಾನು ಇಬ್ಬರೂ ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಒಂದು ನಿಶ್ಚಿತಾರ್ಥಕ್ಕೆ ಹೊರಟಿದ್ದೆವು. ದಾರಿಯಲ್ಲಿ ನಮ್ಮ ಓಣಿಯ ಮೆಣಸಿನಕಾಯಿ ವ್ಯಾಪಾರಿ ರಫೀಕ್ ತಮ್ಮ ಹೊಸ ಕಾರಿನ ಪಕ್ಕ ನಿಂತಿದ್ದರು. ಒಳಗೆ ಇಂಜಿನ್ ದೋಷದ ಹಳದಿ ದೀಪ ಹತ್ತಿ ಕಾರು ನಿಂತುಬಿಟ್ಟಿತ್ತು. ಹಾವೇರಿಯಿಂದ ಮೆಕ್ಯಾನಿಕ್ ಬರುವುದು ಮಧ್ಯಾಹ್ನವಂತೆ. ರಫೀಕ್ ಅವರಿಗೋ ಮೆಣಸಿನಕಾಯಿ ಖರೀದಿಗೆ ಟೆಂಡರ್ ಹಾಕುವ ಹೊತ್ತಿಗೆ ಬ್ಯಾಡಗಿ ಮಾರುಕಟ್ಟೆ ಮುಟ್ಟಬೇಕು.

"ಕಂಪ್ಯೂಟರ್ ಇರೂ ಇಂಜಿನ್ ಎಷ್ಟು ದಿನ ಬಾಳತಾವ್ರಿ? ನಂದು ನೋಡ್ರಿ, ಇಲ್ಲೀತನಕ ಬಿಚ್ಚಿಲ್ಲ," ಎಂದರು ಚಿಕ್ಕಪ್ಪ, ಅವರನ್ನು ಹತ್ತಿಸಿಕೊಳ್ಳಲು ಕಾರು ನಿಲ್ಲಿಸಿ. ಅಷ್ಟಕ್ಕೇ ಬಿಡಲಿಲ್ಲ. ಕೀಲಿ ತಿರುವಿದ ಕೂಡಲೇ ಹೇಗೆ ಚಾಲೂ ಆಗುತ್ತದೆಂದು ತೋರಿಸಲು, ಓಡುತ್ತಿದ್ದ ಇಂಜಿನ್ ಬಂದ್ ಮಾಡಿದರು.

ಅದು ಮತ್ತೆ ಚಾಲೂ ಆಗಲಿಲ್ಲ.

ಇಸ್ತ್ರಿ ಅಂಗಿಯ ರಫೀಕ್, ಹೊಸ ಧೋತರದ ನಾನು, ಇಬ್ಬರೂ ಸೇರಿ ದೂಡಿದೆವು. ಕಾರು ನಮ್ಮ ಮೇಲೆ ಹೊಗೆ ಉಗುಳಿ ಹೊರಟಿತು. ನಿಲ್ಲಿಸಿದರೆ ಮತ್ತೆ ಬಂದ್ ಆದೀತೆಂದು ಚಿಕ್ಕಪ್ಪ ನಿಲ್ಲಿಸಲೇ ಇಲ್ಲ. ಓಡಿ ಹತ್ತಿಕೊಂಡೆವು.

"ಬ್ಯಾಟರಿ ಹೋಗೇತ್ರಿ ನಿಮ್ದು," ಎಂದರು ರಫೀಕ್, ಏದುಸಿರು ಬಿಡುತ್ತ.

"ಹೊಸಾ ಬ್ಯಾಟರಿ ಹಾಕಿಸಿದ್ದ ತಪ್ಪಾತು," ಎಂದರು ಚಿಕ್ಕಪ್ಪ. "ಹಳೇದಿದ್ರ ಹಿಂಗ ಆಗ್ತಿದ್ದಿಲ್ಲ."

ರಫೀಕ್ ಅವರನ್ನು ಹೊತ್ತಿಗೆ ಸರಿಯಾಗಿ ಮಾರುಕಟ್ಟೆಗೆ ಮುಟ್ಟಿಸಿದೆವು.

ಈಗ ನಿಶ್ಚಿತಾರ್ಥದ ಮನೆಯಲ್ಲಿ ಹೋಳಿಗೆ ಊಟ ನಡೆದಿದೆ. ಚಿಕ್ಕಪ್ಪ ಒಳಗೆ ಪಂಕ್ತಿಯಲ್ಲಿದ್ದಾರೆ. ನಾನು ಹೊರಗೆ, ಇಂಜಿನ್ ಬಂದ್ ಆಗದಂತೆ ಕಾಯುತ್ತ, ಕಾರಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಇಂಜಿನ್ ಬಗ್ಗೆ ತಕರಾರಿಲ್ಲ. ಬಹಳ ಚೆನ್ನಾಗಿ ಓಡುತ್ತಿದೆ.