ಹಿತ್ತಲಲ್ಲಿ ನಿಂತು ಹೇಳಿಕೊಟ್ಟವರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಎರಡು ಹೋಳಾಗಿ ಬೆಳೆಯುತ್ತಿತ್ತು. ಯಾವುದೋ ಹಳ್ಳಿಯ ಎಮ್ಮೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುವಾಗ ಕೊಸರಿ, ಆ ಬೆರಳನ್ನು ಮೇವು ಹಾಕುವ ಗ್ವಾದಲಿಯ ಕಟ್ಟೆಗೆ ಒತ್ತಿತ್ತಂತೆ. ಆ ಸೀಳು ಉಗುರಿನಿಂದಲೇ ಅವರು ಕೋಳಿಯ ಪುಕ್ಕಗಳನ್ನು ಒಂದೊಂದಾಗಿ ಸರಿಸಿ, ಗಾಯ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂದು ನೋಡುತ್ತಿದ್ದರು. ಮುಟ್ಟುವ ಮೊದಲು ಎರಡೂ ಕೈ ತಿಕ್ಕಿ ಬೆಚ್ಚಗೆ ಮಾಡಿಕೊಳ್ಳುವರು. ತಣ್ಣಗಿನ ಕೈಗೆ ಕೋಳಿ ಬೆಚ್ಚುತ್ತದಂತೆ.

ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ರಿಟೈರ್ ಆದ ಮೇಲೆ ಧಾರವಾಡದ ಸಪ್ತಾಪುರದಲ್ಲಿ, ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿಕೊಂಡು ಹೆಂಡತಿಯೊಂದಿಗೆ ಬಂದು ಇದ್ದರು. ಹನ್ನೆರಡು ವರ್ಷ ನಮಗೆ ನೆರೆ. ಓಣಿಯವರೆಲ್ಲ ಕಂಪೌಂಡರ್ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಅವರು ನನಗೆ ದೊಡ್ಡ ಬಾಯಾರು ಅನ್ನುತ್ತಿದ್ದರು. ನನ್ನ ತಂಗಿ ಸಣ್ಣ ಬಾಯಾರು.

ಸ್ನೇಹ ಮಾಡಿದವಳು ತಂಗಿ. ಅವಳು ಕಾಲೇಜಿನಲ್ಲಿ ಜುವಾಲಜಿ ಕಲಿಸಿದವಳು. ನಾನು ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಇಂಗ್ಲಿಷ್ ಕಲಿಸಿ, ಅಲ್ಲಿಂದಲೇ ರಿಟೈರ್ ಆದವಳು. ಇಬ್ಬರೂ ಮದುವೆಯಾಗಲಿಲ್ಲ. ಅದರ ಕಥೆ ಬೇರೆ, ಇಲ್ಲಿ ಬೇಡ. ನಮ್ಮದು ಲಿಂಗಾಯತರ ಮನೆ, ಅರಳೆ ವ್ಯಾಪಾರ ಮಾಡಿದ ಮನೆತನ. ಅವ್ವ ಇದ್ದಾಗ ತತ್ತಿ ಎಂಬ ಶಬ್ದವನ್ನೂ ಅಡುಗೆಮನೆಯಲ್ಲಿ ಆಡುವ ಹಾಗಿರಲಿಲ್ಲ. ಅವ್ವ ಹೋಗಿ ಎಷ್ಟೋ ವರ್ಷದ ಮೇಲೆ ತಂಗಿ, ಕಂಪೌಂಡರ್ ಕೊಟ್ಟ ಮೂರು ಕೋಳಿಮರಿಗಳನ್ನು ಸೆರಗಿನಲ್ಲಿ ಹಿಡಿದು ತಂದಳು. "ತಿನ್ನಾಕಲ್ಲ ಅಕ್ಕಾ, ನೋಡಾಕ" ಅಂದಳು. ಅವು ಬೆಳೆದು ಇಟ್ಟ ತತ್ತಿಗಳು ಕಂಪೌಂಡರ್ ಮನೆಗೇ ಹೋಗುತ್ತಿದ್ದವು.

ದಿನಾ ಸಂಜೆ ನಾಲ್ಕಕ್ಕೆ ಅವರು ಹಿತ್ತಲ ಗೇಟಿನಿಂದ ಬರುವರು. ಚಪ್ಪಲಿಯನ್ನು ಕರಿಬೇವಿನ ಗಿಡದ ಬುಡದಲ್ಲಿ ಬಿಡುವರು. ತಂಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಅವರು ನಿಂತು, ಕೋಳಿಗಳ ವಿಷಯ, ಹಳೆಯ ದವಾಖಾನೆಯ ವಿಷಯ ಮಾತಾಡುವರು. ನಾನು ಅಡುಗೆಮನೆಯ ಕಿಟಕಿಯಿಂದ ಚಹಾ ಕೊಡುತ್ತಿದ್ದೆ. ಅವರ ಮಾತು ಒಳಗೆ ಕೇಳಿಸುತ್ತಿತ್ತು. ದನ ಸತ್ತಿತು ಅಂತ ಅವರು ಅಂದದ್ದನ್ನು ನಾನು ಕೇಳಿಲ್ಲ. "ಆ ಆಕಳ ತೀರಿಕೊಂಡ್ಳರಿ" ಅನ್ನುವರು. "ಡಾಕ್ಟರ್ ಸಾಹೇಬ್ರು ಚೀಟಿ ಬರಿಯಾವ್ರು, ಒದಿಸಿಕೊಳ್ಳಾವ್ರು ನಾವು" ಎಂದು ನಗುವರು.

ಹೋದ ಮಳೆಗಾಲದಲ್ಲಿ ತಂಗಿಗೆ ನಿಮೋನಿಯಾ ಆಯಿತು. ಹುಬ್ಬಳ್ಳಿಯಲ್ಲಿ ಹನ್ನೊಂದು ದಿನ ಐಸಿಯು. ದಿನಾ ಬೆಳಿಗ್ಗೆ "ಸ್ಟೇಬಲ್" ಅನ್ನುತ್ತಿದ್ದರು. ಹನ್ನೆರಡನೆಯ ದಿನ ಏನೂ ಅನ್ನಲಿಲ್ಲ. ಮನೆಗೆ ಬಂದವರು ಅತ್ತರು, ನಾನು ಅವರಿಗೆ ನೀರು ಕೊಟ್ಟೆ. ಆಮೇಲೆ ಏನು ಉಂಡೆ, ಯಾರು ಬಂದರು, ಯಾರು ಹೋದರು, ಸರಿಯಾಗಿ ನೆನಪಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ನಮ್ಮ ತುಟಿಯನ್ನೇ ಮುಟ್ಟಿದರೂ ಬೇರೆ ಯಾರದೋ ತುಟಿ ಮುಟ್ಟಿದ ಹಾಗಿರುತ್ತದಲ್ಲ, ಆ ಥರದ ದಿನಗಳು.

ಹಾಗೆ ಒಂದೂವರೆ ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ, ಹನ್ನೊಂದರ ಸುಮಾರಿಗೆ, ಹಿತ್ತಲಲ್ಲಿ ಕೋಳಿಗಳು ಒಂದೇ ಸಮ ಕೂಗಿದವು. ಕಿಟಕಿಯಿಂದ ನೋಡಿದರೆ ಮುಂಗುಸಿಯೊಂದು ಕಂದು ಕೋಳಿಯ ಬೆನ್ನಿಗೆ ಬಾಯಿ ಹಾಕಿ ಎಳೆಯುತ್ತಿತ್ತು. ಹೊರಗೆ ಓಡಿ, ಕೈಯಲ್ಲಿದ್ದ ಹಿಟ್ಟಿನ ಜರಡಿಯನ್ನೇ ಬೀಸಿ ಒಗೆದೆ. ಅದು ಬಿಟ್ಟು, ಕಂಪೌಂಡಿನ ಸಂದಿಯವರೆಗೆ ಹೋಗಿ, ನಿಂತು, ನನ್ನನ್ನು ನೋಡಿ, ಆಮೇಲೆ ನುಸುಳಿತು. ಕೋಳಿ ನೀರಿನ ಟಾಕಿಯ ಕೆಳಗೆ ಸೇರಿಕೊಂಡಿತ್ತು. ಕುತ್ತಿಗೆಯ ಕೆಳಗಿಂದ ಬಾಲದವರೆಗೆ ಚರ್ಮ ಸುಲಿದು ಪಕ್ಕಕ್ಕೆ ಸರಿದಿತ್ತು, ಒಳಗಿನ ಮಾಂಸ ಕಾಣುತ್ತಿತ್ತು.

ತಂಗಿಯ ಮಡಿಲಿಗೆ ತಾನಾಗಿ ಬಂದು ಕೂಡುತ್ತಿದ್ದದ್ದು ಈ ಕಂದು ಕೋಳಿಯೇ. ಅವಳು ಹೆಸರಿಟ್ಟಿರಲಿಲ್ಲ, "ಏ ಹುಡುಗಿ" ಅಂದರೆ ಸಾಕು, ಓಡಿ ಬರುತ್ತಿತ್ತು. ಇದು ಸಾಯಬಾರದು ಅನ್ನಿಸಿತು. ಬಹಳ ದಿನಗಳ ಮೇಲೆ ನನಗೆ ಏನಾದರೂ ಅನ್ನಿಸಿದ್ದು ಅದೊಂದೇ. ಹಿತ್ತಲ ಗೇಟಿಗೆ ಹೋಗಿ ಕಂಪೌಂಡರನ್ನು ಕೂಗಿದೆ.

ಅವರು ಬಂದರು. ಅಷ್ಟು ಅವಸರದಲ್ಲೂ ಚಪ್ಪಲಿ ಗಿಡದ ಬುಡದಲ್ಲಿ ಬಿಟ್ಟರು. ಟಾಕಿಯ ಕೆಳಗೆ ಕೈಹಾಕಿ ಕೋಳಿಯನ್ನು ತೆಗೆದರು.

"ಬಾಯಾರ, ಮದ್ಲ ಪಾವಟಿಗಿ ಮ್ಯಾಲ ಕೂಡ್ರಿ. ಆಕೀನ್ನ ತೊಡಿ ಮ್ಯಾಲ ಇಟ್ಕೋರಿ."

"ನಾನಾ? ನನಗ ಮುಟ್ಟಿ ರೂಢಿ ಇಲ್ರಿ."

"ಆಕಿಗೂ ಮುಂಗಲಿ ಬಾಯಾಗ ಕುಂತು ರೂಢಿ ಇದ್ದಿದ್ದಿಲ್ಲರಿ."

ಹಿಂಬಾಗಿಲ ಮೆಟ್ಟಿಲ ಮೇಲೆ ಕೂತೆ. ಟಾವೆಲ್ ಹಾಕಿ ಕೋಳಿಯನ್ನು ತೊಡೆಯ ಮೇಲೆ ಇಟ್ಟರು. ಅದರ ಎದೆ ನನ್ನ ಅಂಗೈಯಲ್ಲಿ ಡಬಡಬ ಬಡಿಯುತ್ತಿತ್ತು. ಉಪ್ಪು ಹಾಕಿದ ಬೆಚ್ಚಗಿನ ನೀರಿನಿಂದ ತೊಳೆದು, ಸುತ್ತಲಿನ ಪುಕ್ಕ ಕತ್ತರಿಸಿ, ಸುಲಿದ ಚರ್ಮವನ್ನು ಮತ್ತೆ ಮೇಲೆಳೆದು ಕೂಡಿಸಿದರು. ಕೊಬ್ಬರಿ ಎಣ್ಣೆಯಲ್ಲಿ ಅರಿಶಿಣ ಕಲಸಿ ದಪ್ಪಗೆ ಬಳಿಯಲು ಹೇಳಿದರು. ಕೆಂಪು ಕಂಡರೆ ಉಳಿದ ಕೋಳಿಗಳು ಕುಕ್ಕುತ್ತವಂತೆ, ಹಳದಿ ಆದರೆ ಬಿಡುತ್ತವಂತೆ.

"ಉಳೀತಾಳೇನ್ರಿ?" ಎಂದೆ.

"ಅದನ್ನ ನಾ ಹೇಳಂಗಿಲ್ರಿ. ಮೂವತ್ತೆರಡು ವರ್ಷ ಸರ್ವೀಸ್ ಮಾಡೇನಿ, ಒಂದು ದನದ ಮಾಲಕಗೂ ಹೇಳಿಲ್ಲ. ಇವತ್ತ ಜೀವ ಐತಿ. ಇವತ್ತಿಂದು ಮಾಡೂಣು."

ಸ್ಟೇಬಲ್ ಅನ್ನುವ ಶಬ್ದಕ್ಕಿಂತ ಅದು ಎಷ್ಟೋ ವಾಸಿ ಎಂದು ಆಗ ಅನ್ನಿಸಿತ್ತು.

ಮರುದಿನದಿಂದ ಅವರು ನಾಲ್ಕಕ್ಕೆ ಬರುವರು, ನಾನು ಕೋಳಿಯನ್ನು ಎತ್ತಿಕೊಂಡು ಹಿಂದಿನ ಪಾವಟಿಗೆಯ ಮೇಲೆ ಕೂಡುವೆ. ಬೆಲ್ಲದ ನೀರು ಕುಡಿಸಲು ನಾನು ಚಮಚೆ ತಂದರೆ ಗದರಿದರು. "ಬಾಯಾಗ ಸುರೀಬ್ಯಾಡ್ರಿ, ಶ್ವಾಸದಾಗ ಹೋಗತೈತಿ. ಚುಂಚದ ಮಗ್ಗಲಕ ಒಂದ ಹನಿ ಹಚ್ಚರಿ, ಆಕೀನ ಎಳ್ಕೋತಾಳ." ಮೂರನೆಯ ದಿನ ಗಾಯದ ಅಂಚಿನಲ್ಲಿ ಹುಳ ಬಿದ್ದಿದ್ದವು. ನಾನು ಮುಖ ತಿರುಗಿಸಿದೆ. ಅವರು ಒಂದು ಸಣ್ಣ ಚಿಮಟ ನನ್ನ ಕೈಗೆ ಕೊಟ್ಟು, "ಅಕ್ಕಿ ಆರಸೂದಿಲ್ಲೇನ್ರಿ ನೀವು? ಹಂಗ ತಗೀರಿ. ನನ್ನ ಕಣ್ಣೀಗ ಅಷ್ಟ ಸಣ್ಣದು ಕಾಣವಲ್ಲದು" ಅಂದರು. ತೆಗೆದೆ. ಎಪ್ಪತ್ತಾರನೆಯ ವಯಸ್ಸಿನಲ್ಲಿ, ನೀಟಾಗಿ ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು, ಕೋಳಿಯ ಮೈಯಿಂದ ಹುಳ ತೆಗೆದೆ. ದೇವರ ಮನೆಯ ಕರ್ಪೂರ ಪುಡಿ ಮಾಡಿ ಎಣ್ಣೆಯಲ್ಲಿ ಕರಗಿಸಿ ಹಚ್ಚಿದೆವು. ಅವ್ವ ಇದ್ದಿದ್ದರೆ ಏನೆನ್ನುತ್ತಿದ್ದಳೋ ಎಂದು ನೆನೆದು ನೋಡಿದೆ. ಏನೂ ಕೇಳಿಸಲಿಲ್ಲ.

ಐದನೆಯ ದಿನ ಅವರು ಒಂದು ಮಾತು ಹೇಳಿದರು. "ಬಾಯಾರ, ಇನ್ನ ಹಗಲೆಲ್ಲ ಆಕೀನ್ನ ಹೊರಗ ಇಡ್ರಿ. ಕ್ರೇಟಿನಾಗ ಹಾಕಿ, ಮ್ಯಾಲ ಜಾಳಿಗಿ ಮುಚ್ಚಿ, ಉಳದ್ ಎರಡಕ್ಕೂ ಕಾಣೂವಂಗ ಇಡ್ರಿ. ಕುಕ್ಕಾಕ ಸಿಗಬಾರದು, ಖರೇ, ಕಣ್ಣೀಗ ಮಾತ್ರ ಕಾಣಬೇಕು."

"ಹ್ಞೂಂ, ಇಡತೇನ್ರಿ" ಅಂದೆ.

ಇಡಲಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಇನ್ಫರ್ಮರಿ ಅಂತ ಒಂದು ಕೋಣೆ ಇತ್ತು. ಜ್ವರ ಬಂದ ಹುಡುಗಿಯನ್ನು ಅಲ್ಲಿ ಒಬ್ಬಳನ್ನೇ ಮಲಗಿಸಿ, ಪರದೆ ಎಳೆದು, ಬಾಗಿಲು ಹಾಕುತ್ತಿದ್ದರು. ಸೈಲೆನ್ಸ್, ಹೈಜೀನ್, ವಿಸಿಟರ್ಸ್ ಇಲ್ಲ. ಬೇನೆ ಬಿದ್ದವರನ್ನು ನೋಡಿಕೊಳ್ಳುವ ಬೇರೆ ರೀತಿ ನನಗೆ ಗೊತ್ತೇ ಇರಲಿಲ್ಲ. ಕೋಳಿಯನ್ನು ತಂಗಿಯ ಕೋಣೆಯಲ್ಲಿ, ಬಿಳಿ ಬೆಡ್‌ಶೀಟ್ ಹಾಸಿದ ಕ್ರೇಟಿನಲ್ಲಿಟ್ಟು ಬಾಗಿಲು ಹಾಕಿದ್ದೆ. ಹೊರಗೆ ಮುಂಗುಸಿಯ ಭಯವೂ ಇತ್ತು. ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರಿಗೂ ಹೇಳಿಲ್ಲ. ಆ ಕೋಣೆಯಿಂದ ಮತ್ತೆ ಒಂದು ಜೀವ ಮಿಸುಕಾಡುವ ಸಪ್ಪಳ ಬರುತ್ತಿತ್ತು. ಹೊರಗೆ ಇಟ್ಟರೆ ಅದು ನಿಲ್ಲುತ್ತದೆ.

"ಹೊರಗ ಇಟ್ಟಿದ್ರೇನ್ರಿ?" ಎಂದು ಅವರು ದಿನಾ ಕೇಳುವರು. "ಹೌದ್ರಿ, ಇಷ್ಟೊತ್ತನ ಇಟ್ಟಿದ್ದೆ, ಈಗ ಒಳಗ ತಂದೆ" ಅನ್ನುವೆ. ಹದಿನೆಂಟು ದಿನ ಹೀಗೆ ಹೇಳಿದೆ. ಅವರು ನಂಬಿದರು. ಗಾಯ ಚೆನ್ನಾಗಿ ಆರಿತು, ಗುಲಾಬಿ ಬಣ್ಣದ ಹೊಸ ಚರ್ಮ ಬಂತು, ಪುಕ್ಕದ ಮೊಳಕೆಗಳೂ ಬಂದವು. ಪಕ್ಕದ ಪಿಜಿ ಹುಡುಗಿಯರು ಟೆರೇಸಿನಿಂದ "ಅಜ್ಜಿ, ಪೇಶಂಟ್ ಡಿಸ್ಚಾರ್ಜ್ ಯಾವಾಗ್ರಿ?" ಎಂದು ಕೂಗುತ್ತಿದ್ದರು.

ಆ ಹದಿನೆಂಟು ದಿನ ಮುಗಿದ ಮರುದಿನ ಬೆಳಿಗ್ಗೆ ಅವರು ಬರುವ ಮೊದಲೇ ನಾನಾಗಿಯೇ ಬಿಟ್ಟೆ. ಒಳ್ಳೆಯ ಸರ್ಪ್ರೈಸ್ ಆಗುತ್ತದೆ ಅಂದುಕೊಂಡೆ. ಕಂದು ಕೋಳಿ ನಾಲ್ಕು ಹೆಜ್ಜೆ ಇಟ್ಟಿತು. ಉಳಿದೆರಡೂ ಕತ್ತು ನೀಟಿ ನೋಡಿದವು. ಆಮೇಲೆ ಒಂದು ಅದರ ತಲೆಯ ಮೇಲೆ ಹಾರಿತು, ಇನ್ನೊಂದು ಬೆನ್ನ ಮೇಲೆ. ಮೊಟ್ಟೆಯಿಂದ ಹೊರಬಂದ ದಿನದಿಂದ ಜೊತೆಗೇ ಬೆಳೆದ ಕೋಳಿಗಳು. ಹೊಸ ಚರ್ಮ ಹರಿದು ರಕ್ತ ಕಂಡಿತು, ರಕ್ತ ಕಂಡ ಮೇಲೆ ಅವಕ್ಕೆ ಇನ್ನೂ ಹುರುಪು. ನಾನು ಚೀರಿದೆ. ಕಂಪೌಂಡರ್ ಹೇಗೆ ಬಂದರೋ, ಅವತ್ತು ಮಾತ್ರ ಚಪ್ಪಲಿ ಕಾಲಲ್ಲೇ ಇದ್ದವು. ಕೋಳಿಯನ್ನು ಎತ್ತಿ ಎದೆಗೆ ಒತ್ತಿಕೊಂಡು ನಿಂತರು. ಅವರ ಅಂಗಿಯೆಲ್ಲ ರಕ್ತ.

"ಹೊರಗ ಇಟ್ಟಿದ್ದಿಲ್ಲ, ಹೌದಿಲ್ರಿ?"

"ಇಲ್ಲ."

ಬಯ್ಯುತ್ತಾರೆ ಅಂದುಕೊಂಡೆ. "ಇಂಗ್ಲಿಷ್ ದವಾಖಾನಿ ಮಾಡೀರಿ ಬಾಯಾರ. ಆಕಿಗಿ ಕನ್ನಡ ಅಷ್ಟ ಬರತೈತಿ" ಎಂದರು. ನಗಲಿಲ್ಲ. ಕೋಳಿಯ ತಲೆ ಸವರುತ್ತಾ, "ಗಾಯದ್ದೇನು, ಮತ್ತ ಆರತೈತಿ. ಈಕಿ ಯಾರು ಅಂಬೂದ ಅವ್ಕ ಮರ್ತು ಹೋಗೇತಿ. ಅದಕ್ಕ ಮುಲಾಮು ಇಲ್ರಿ. ಕುಂದ್ರಬೇಕಷ್ಟ" ಅಂದರು.

ತಂತಿಯ ಜಾಳಿಗೆಯಿಂದ ಗೂಡಿನ ಮಗ್ಗುಲಿಗೆ ಒಂದು ಸಣ್ಣ ಕಟಕಟೆ ಮಾಡಿದರು. ಅದರೊಳಗೆ ಕಂದು ಕೋಳಿ, ಹೊರಗೆ ಉಳಿದೆರಡು. ಎರಡೂ ಕಡೆ ಕಾಳು ಹಾಕುವುದು, ಒಂದೇ ಹೊತ್ತಿಗೆ ತಿನ್ನಲಿ ಎಂದು. ಮನುಷ್ಯರು ಇದ್ದರೆ ಮುಂಗುಸಿ ಹತ್ತಿರ ಬರುವುದಿಲ್ಲ, ನೀವು ಕುರ್ಚಿ ಹಾಕಿಕೊಂಡು ಅಲ್ಲೇ ಇರಬೇಕು ಎಂದರು. ಕೂತೆ. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು. ತಂಗಿ ಹೋದ ಮೇಲೆ ನಾನು ಹೊರಗೆ ಬಿಸಿಲಲ್ಲಿ ಕೂತದ್ದು ಆಗಲೇ. ಓಣಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು ಮಾತಾಡಿಸುವರು, ನಾನು ಉತ್ತರ ಕೊಡುವೆ. ಕಂಪೌಂಡರ್ ನನಗಾಗಿ ಇದನ್ನೆಲ್ಲ ಮಾಡಿದರು ಎಂದು ನಾನು ಹೇಳುವುದಿಲ್ಲ. ಅವರು ಕೋಳಿಗಾಗಿ ಮಾಡಿದರು. ಹಾಗೇ ಇರಲಿ.

ಸಂಜೆ ಅವರೂ ಬಂದು ನಿಲ್ಲುವರು. ಒಮ್ಮೆ "ಕಲ್ಲಿನ ಮ್ಯಾಲರೆ ಕೂಡ್ರಿ" ಅಂದೆ. "ನಿಂತ ರೂಢಿ ಐತ್ರಿ" ಅಂದರು. ಮಾತಿನ ನಡುವೆ ಒಂದು ದಿನ, ತಂಗಿ ಹುಬ್ಬಳ್ಳಿಗೆ ಹೋಗುವ ಬೆಳಿಗ್ಗೆ ಗೇಟಿಗೆ ಬಂದು ಅವರಿಗೆ ಹೇಳಿದ್ದು ತಿಳಿಯಿತು. "'ಅಕ್ಕಗ ಕೋಳಿ ಸೇರಂಗಿಲ್ಲ ಕಂಪೌಂಡರ್, ನಾ ಬರೂತನಾ ನೀವ ಜ್ವಾಳ ಹಾಕ್ರಿ' ಅಂದ್ರು. ಅದಕ್ಕ ದಿನಾ ಗ್ವಾಡಿ ಮ್ಯಾಲಿಂದ ಹಾಕತಿದ್ದೆ."

ಆ ಒಂದೂವರೆ ತಿಂಗಳು ಕೋಳಿಗಳು ಏನು ತಿಂದವು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಕಟಕಟೆ ಮಾಡಿದ ಒಂಬತ್ತನೆಯ ದಿನ ಅವರು ಜಾಳಿಗೆ ಎತ್ತಿದರು. ಕುರ್ಚಿ ಮುಂದೆ ಎಳೆದುಕೊಂಡು ನೋಡಿದೆ. ಕಪ್ಪು ಕೋಳಿ ಹತ್ತಿರ ಬಂದು ಒಮ್ಮೆ ಕುಕ್ಕಿತು, ಸುಮ್ಮನೆ ಹೆಸರಿಗೆ. ಆಮೇಲೆ ಮೂರೂ ಮಣ್ಣು ಕೆದರುತ್ತಾ ಗೋಡೆಯ ಕಡೆ ಹೋದವು. ಸಂಜೆ ಗೂಡಿನಲ್ಲಿ ಕಂದು ಕೋಳಿ ಎರಡರ ನಡುವೆ ಕೂತಿತು. "ಆತ್ರಿ" ಅಂದರು ಕಂಪೌಂಡರ್, ಚಪ್ಪಲಿ ಮೆಟ್ಟಿಕೊಂಡು ಹೋದರು.

ಈ ವರ್ಷ ಚಳಿ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಬೆಳಿಗ್ಗೆ ಹಲ್ಲುಜ್ಜುತ್ತಾ ಕುಸಿದರಂತೆ. ಅಂದು ನಾನು ಗೇಟಿನ ಹತ್ತಿರ ಬಹಳ ಹೊತ್ತು ನಿಂತಿದ್ದು ಒಳಗೆ ಬಂದೆ. ಎಂಟು ದಿನ ಬಿಟ್ಟು ಹೋದೆ. ನಮ್ಮ ಗೇಟಿನಿಂದ ಅವರ ಬಾಗಿಲಿಗೆ ಮೂವತ್ತು ಹೆಜ್ಜೆಯೂ ಇಲ್ಲ. ಹನ್ನೆರಡು ವರ್ಷದಲ್ಲಿ ಅದೇ ಮೊದಲ ಸಲ.

ನಾನು ಹೊಸ್ತಿಲು ಮುಟ್ಟುವ ಮೊದಲೇ ಅವರ ಹೆಂಡತಿ "ಬರ್ರಿ ಬಾಯಾರ, ಒಳಗ ಬರ್ರಿ" ಅಂದರು. ಒಂದೇ ಕುರ್ಚಿ ಇತ್ತು, ಅದನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟು ತಾವು ಚಾಪೆಯ ಮೇಲೆ ಕೂತರು. ಗೋಡೆಯ ಮೇಲೆ ಬುದ್ಧನ ಫೋಟೊ, ಅದರ ಕೆಳಗೆ ಅವರದು. ಚಹಾ ಕೊಟ್ಟರು. ಕುಡಿದೆ.

"ನಿಮ್ಮ ಮನಿ ಅಂದ್ರ ಭಾಳ ಅಭಿಮಾನರಿ ಅವ್ರಿಗೆ" ಅಂದರು. "ನಾ ಒಮ್ಮಿ ಕೇಳಿದ್ದೆ, ಬಾಯಾರ ಮನ್ಯಾಗ ನೆಲದಿಂದ ಮಾಳಗಿಮಟ ಪುಸ್ತಕ ಅದಾವಂತ, ಖರೇ ಏನು ಅಂತ. ನಕ್ಕರು. 'ನಂಗೆಂಗ ಗೊತ್ತಾಗಬೇಕು? ನಾ ಹಿತ್ತಲದಾಂವ' ಅಂದ್ರು."

ಚುಚ್ಚಿ ಅನ್ನಲಿಲ್ಲ ಆಕೆ. ಗಂಡನ ಹಾಸ್ಯವನ್ನು ನೆನೆದು, ಸ್ವಲ್ಪ ನಗುತ್ತಲೇ ಅಂದರು.

ಅವರು ನನ್ನ ಸುಳ್ಳನ್ನು ಹದಿನೆಂಟು ದಿನ ನಂಬಿದ್ದು ಯಾಕೆ ಎಂದು ಆಗ ತಿಳಿಯಿತು. ನಾಲ್ಕು ಹೆಜ್ಜೆ ಒಳಗೆ ಬಂದಿದ್ದರೆ ತಂಗಿಯ ಕೋಣೆ, ಕ್ರೇಟು, ಎಲ್ಲ ಕಾಣುತ್ತಿತ್ತು. ಒಳಗೆ ಬನ್ನಿ ಅನ್ನಬಾರದು ಎಂದು ನಾನು ಯಾವತ್ತೂ ನಿರ್ಧರಿಸಿರಲಿಲ್ಲ. ನಿರ್ಧರಿಸಿದ್ದರೆ ತಪ್ಪೊಪ್ಪಿಕೊಳ್ಳಲು ಇಂಥ ದಿನ, ಇಂಥ ಮಾತು ಎಂದು ಏನಾದರೂ ಇರುತ್ತಿತ್ತು. ಒಳಗೆ ಕರೆಯಬೇಕೆಂದು ನನಗೆ ತೋಚಲೇ ಇಲ್ಲ. ಹನ್ನೆರಡು ವರ್ಷ, ದಿನಾ ನಾಲ್ಕಕ್ಕೆ.

ಕಪ್ ಬರಿದಾಗಿತ್ತು. ಆಕೆ ಕೈ ಚಾಚಿದರು.

"ಇನ್ನರ್ಧ ಹಾಕ್ಲೇನ್ರಿ ಬಾಯಾರ?"

"ಹಾಕ್ರಿ" ಅಂದೆ.